ಒಂದು ಷಿಲಿಂಗ್, ಮೂರು ಪೆನ್ಸ್
ಖರ್ಚು ತಗ್ಗಿಸುವುದೆಂದರೆ ಬಾಯಿ ಕಟ್ಟಿ ಬದುಕುವುದು ಎಂಬ ಭಾವನೆ ಸಾಮಾನ್ಯ. 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದ ಗಾಂಧೀಜಿಯವರ ಅನುಭವ ಬೇರೆ. ಮೊದಮೊದಲು ಹತ್ತು ಪೌಂಡಿನ ಸೂಟು, ಪಿಟೀಲು, ನೃತ್ಯಪಾಠ ಎಂದು ಅಣ್ಣನ ದುಡ್ಡು ಸುರಿದವರೇ ಅವರು. ಆದರೆ ಬಸ್ ಚಾರ್ಜು, ಅಂಚೆವೆಚ್ಚವನ್ನೂ ಬಿಡದೆ ಬರೆದಿಡುತ್ತಿದ್ದರು. ದುಡ್ಡು ಎಲ್ಲಿ ಸೋರುತ್ತಿದೆಯೆಂದು ಆ ಲೆಕ್ಕವೇ ತೋರಿಸಿತು. ಕುಟುಂಬವೊಂದರ ಜೊತೆಗಿನ ವಾಸ ಬಿಟ್ಟು, ಕೆಲಸದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗುವಂಥ ಕಡೆ ಕೋಣೆ ಹಿಡಿದರು. ಗಾಡಿ ಬಾಡಿಗೆ ಉಳಿಯಿತು. ದಿನಕ್ಕೆ ಎಂಟು-ಹತ್ತು ಮೈಲಿ ನಡಿಗೆಯಿಂದ ಆರೋಗ್ಯವೂ ಉಳಿಯಿತು. ಮುಂದೆ ಒಂದೇ ಕೋಣೆ, ಒಂದು ಒಲೆ. ಬೆಳಿಗ್ಗೆ ಓಟ್ಸ್ ಗಂಜಿ, ರಾತ್ರಿ ಬ್ರೆಡ್ಡು-ಕೋಕೋ. ದಿನಕ್ಕೆ ಒಂದು ಷಿಲಿಂಗ್ ಮೂರು ಪೆನ್ಸಿನಲ್ಲಿ ಸಾಗಿತು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತಿಗೂ, ಮನೆಯವರ ಶಕ್ತಿಗೂ ಈ ಬದುಕು ಹೊಂದಿತು. ನೀರಸವಂತೂ ಆಗಲಿಲ್ಲ. ಮುಂದೆ ಲಕ್ಷಗಟ್ಟಲೆ ರೂಪಾಯಿಯ ಸಾರ್ವಜನಿಕ ಹಣ ಕೈಗೆ ಬಂದಾಗ ಸಾಲ ಬೀಳದೆ ಮಿಗತೆಯೇ ಆದದ್ದಕ್ಕೂ ಈ ಚಿಲ್ಲರೆ ಲೆಕ್ಕವೇ ಕಾರಣವೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.