ಗ್ವೊಜ್ಜೆಟ್ಸ್‌ ಸಭಾಮಂದಿರದ ಮರದ ಸೂರು

ದೇವದರ್ಶನದ ಗುಡಾರದ ಕೆಲಸಕ್ಕೆ ಕರೆಹೊಂದಿದ ಬೆಚಲೇಲನು ದೇವರಾತ್ಮಭರಿತನಾಗಿದ್ದನೆಂದು ವಿಮೋಚನಕಾಂಡದ 31ನೆಯ ಅಧ್ಯಾಯವು ಹೇಳುತ್ತದೆ; ಅವನಿಗೆ ದೊರೆತ ವರಗಳಲ್ಲಿ ಮರಗೆತ್ತನೆಯೂ ಒಂದು. 20ನೆಯ ಅಧ್ಯಾಯದಲ್ಲಿ ಕೆತ್ತಿದ ವಿಗ್ರಹವನ್ನು ನಿಷೇಧಿಸಿದ ಗ್ರಂಥವೇ ಉಳಿ ಹಿಡಿದ ಕೈಯನ್ನು ಹೀಗೆ ಗೌರವಿಸುತ್ತದೆ. ಈ ಎರಡೂ ಮಾತುಗಳಿಗೆ ಒಟ್ಟಿಗೆ ಕಿವಿಗೊಟ್ಟ ಜನರ ಕಲೆಯನ್ನು ಅರಿಯಲು ಗ್ವೊಜ್ಜೆಟ್ಸ್‌ನ ಸಭಾಮಂದಿರವನ್ನು ನೋಡಬೇಕು.

ಅಂದು ಪೋಲೆಂಡಿಗೆ ಸೇರಿದ್ದು ಇಂದು ಉಕ್ರೇನಿನಲ್ಲಿರುವ ಆ ಪುಟ್ಟ ಪಟ್ಟಣದಲ್ಲಿ 17ನೆಯ ಶತಮಾನದ ಯೆಹೂದ್ಯರು ಮರದ ಮಂದಿರವೊಂದನ್ನು ಕಟ್ಟಿಕೊಂಡರು. ಗುಡಾರದಂತೆ ಮೇಲೇರುವ ಅದರ ಒಳಚಾವಣಿಯ ತುಂಬ ರಾಶಿಚಕ್ರ, ಮೃಗಪಕ್ಷಿ, ಹೂಬಳ್ಳಿಗಳು; ಜೊತೆಗೆ ಹೀಬ್ರೂ ಅಕ್ಷರಗಳು. ಆ ಕಟ್ಟಡ ಈಗಿಲ್ಲ. ಆ ನಾಡಿನ ಇಂತಹ ಮಂದಿರಗಳನ್ನು, ಅವುಗಳಲ್ಲಿ ಪ್ರಾರ್ಥಿಸುತ್ತಿದ್ದ ಜನರೊಡನೆ, ನಾಜಿಗಳು ಅಳಿಸಿಹಾಕಿದರು. ಮೊದಲ ಮಹಾಯುದ್ಧಕ್ಕೆ ಮುನ್ನ ಅಲೋಯ್ಸ್ ಬ್ರೇಯರ್ ಎಂಬ ವಾಸ್ತುಶಿಲ್ಪ ವಿದ್ಯಾರ್ಥಿ ಅಳೆದು ಬರೆದಿಟ್ಟ ನಕ್ಷೆಗಳು ಉಳಿದುಬಂದವು.

ಆ ನಕ್ಷೆಗಳನ್ನೂ ಹಳೆಯ ಛಾಯಾಚಿತ್ರಗಳನ್ನೂ ಆಧರಿಸಿ, ಅಮೆರಿಕದ ಹ್ಯಾಂಡ್ಸ್‌ಹೌಸ್ ಸ್ಟುಡಿಯೊ 2011ರಲ್ಲಿ ಪೋಲೆಂಡಿನ ಸಾನೋಕ್‌ನಲ್ಲಿ ಕೆಲಸ ಆರಂಭಿಸಿತು. ಮೂಲದ ಶೇಕಡ 85ರಷ್ಟು ಅಳತೆ. ವಿದ್ಯುತ್ ಯಂತ್ರಗಳಿಗೆ ಬದಲು ಹಿಂದಿನವರ ಕೈಸಲಕರಣೆಗಳು. ದಿಮ್ಮಿಗಳನ್ನು ಕೊಡಲಿಯಿಂದ ಚೌಕಮಾಡಿದರು, ಮೇಲೊಬ್ಬರು ಕೆಳಗೊಬ್ಬರು ನಿಂತು ಗರಗಸದಿಂದ ಸೀಳಿದರು, ಉಳಿಯಿಂದ ಕಚ್ಚು ತೆಗೆದು ಮರದ ಗೂಟಗಳಿಂದ ಬಿಗಿದರು. ಬಳಿಕ ಪೋಲೆಂಡಿನ ಹಲವು ಪಟ್ಟಣಗಳ ಶಿಬಿರಗಳಲ್ಲಿ, ಮೊಲದ ಚರ್ಮದ ಅಂಟಿನಲ್ಲಿ ಬಣ್ಣ ಕಲಸಿ ಹಲಗೆಗಳಿಗೆ ಚಿತ್ರ ಬರೆದರು. ಛಾಯಾಚಿತ್ರಗಳು ಕಪ್ಪುಬಿಳುಪಿನವಾದುದರಿಂದ ಬಣ್ಣದ ಆಯ್ಕೆ ಸುಲಭವಾಗಿರಲಿಲ್ಲ; ಹಿಂದಿನ ಚಿತ್ರಕಾರರ ವರ್ಣಚಿತ್ರಗಳು ನೆರವಾದವು. ಯಂತ್ರದಿಂದ ಬೇಗ ಮುಗಿಸಬಹುದಾದುದನ್ನು ಕೈಯಿಂದಲೇ ಮಾಡಿದ್ದು ಹಟವೆಂದು ನಮಗೆ ತೋರುವುದಿಲ್ಲ. ಕಚ್ಚನ್ನು ತಾನೇ ತೆಗೆದವನಿಗೆ, ಅದನ್ನು ಮೊದಲು ತೆಗೆದವನ ಜಾಣ್ಮೆ ಎಷ್ಟೆಂಬುದು ತಿಳಿಯುತ್ತದೆ. ಏನು ಕಳೆದುಹೋಯಿತೆಂಬುದೂ ತಿಳಿಯುತ್ತದೆ.

ಇದನ್ನು 'ಪುನರುತ್ಥಾನ' ಎಂದು ಕರೆಯುವ ಆಸೆ ನಮ್ಮ ಬೋಧಕರಿಗೆ ಹುಟ್ಟೀತು. ಆ ಪದವನ್ನು ಇಲ್ಲಿ ಬಳಸಲಾಗದೆಂಬುದೇ ನಮ್ಮ ಅಭಿಪ್ರಾಯ. (ಪ್ರಬೋಧನೆಗಳಲ್ಲಿ ಅದು ಈಗಾಗಲೇ ಅಗ್ಗವಾಗಿದೆ.) ಸಿನಗಾಗ್ ಎಂಬ ಗ್ರೀಕ್ ಪದಕ್ಕೆ ಮೊದಲ ಅರ್ಥ ಸೇರಿಬರುವಿಕೆ, ಕಟ್ಟಡವೆಂಬುದು ಆಮೇಲಿನದು. ಯೆಹೂದ್ಯ ಸಂಪ್ರದಾಯದಂತೆ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಕೂಡಬೇಕು. ಮರ ಮರಳಿತು, ಆ ಹತ್ತು ಮಂದಿ ಮರಳಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ 'ನೋಸ್ತ್ರಾ ಎತಾತೆ'ಯಲ್ಲಿ ಯೆಹೂದ್ಯದ್ವೇಷವನ್ನು ಖಂಡಿಸಿತು. ಅಂತಹ ದ್ವೇಷವನ್ನು ಶತಮಾನಗಳ ಕಾಲ ಸಾಕಿದ ಬೋಧನೆ ನಮ್ಮ ಪೀಠಗಳಿಂದಲೂ ಹೊರಟಿತ್ತು. ಆದುದರಿಂದ ಈ ಕಥೆಗೆ ಮಂಗಳ ಹಾಡುವವರಲ್ಲಿ ನಾವು ಮೊದಲಿಗರಾಗಬಾರದು.

ಆ ಸೂರು ಈಗ ವಾರ್ಸಾದ ಪೋಲಿನ್ ವಸ್ತುಸಂಗ್ರಹಾಲಯದಲ್ಲಿದೆ. ಕೆಳಗೆ ನಿಂತವರಿಗೆ ಬಣ್ಣದ ಒಳಚಾವಣಿ ಕಾಣುತ್ತದೆ. ಅದನ್ನು ಹೊರುತ್ತಿದ್ದ ಮರದ ಗೋಡೆಗಳನ್ನು ಮತ್ತೆ ಕಟ್ಟಿಲ್ಲ.