ಕಬ್ಬಿನ ಟ್ರೇಲರ್ ಹಿಂದಿನ ಕಾಮನಬಿಲ್ಲು

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ಮೂಡಲಗಿಯಿಂದ ಗೋಕಾಕಕ್ಕೆ ಬೈಕಿನಲ್ಲಿ ಬರುವವರನ್ನು ಕಾಯುವುದು ಹಳೆಯ ಸಿಡಿಗಳು. ಎರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿಗೆ ಹಿಂದೆ ದೀಪವಿರುವುದು ಅಪರೂಪ, ಇದ್ದರೂ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಹಾಗಾಗಿ ನಾಲ್ಕಾರು ಸಿಡಿಗಳನ್ನು ತಂತಿಗೆ ಪೋಣಿಸಿ ಹಿಂದೆ ತೂಗುಬಿಟ್ಟಿರುತ್ತಾರೆ. ಹೆಡ್‌ಲೈಟ್ ಬಿದ್ದದ್ದೇ ತಡ, ಕತ್ತಲಲ್ಲಿ ಕೆಂಪು, ಹಸಿರು, ನೀಲಿ ಝಳಪಿಸುತ್ತದೆ. ಈ ಸಲ ಚಹಾದಂಗಡಿ ಮುಂದೆ ನಿಂತಿದ್ದ ಒಂದು ಟ್ರೇಲರಿನ ಹತ್ತಿರ ಹೋಗಿ ನೋಡಿದೆ. ಒಂದು ಸಿಡಿಯ ಮೇಲೆ ಯಾವುದೋ ಸಿನಿಮಾ ನಾಯಕನ ಅರ್ಧ ಮುಖ ಉಳಿದಿತ್ತು. ಇನ್ನೊಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಮದುವೆ, ಭಾಗ 2’ ಎಂದು ಬರೆದಿತ್ತು.

ಆ ಬಣ್ಣಗಳು ಸಿಡಿಗೆ ಬಳಿದವಲ್ಲ. ಡಿಸ್ಕಿನ ನಡುವಿನಿಂದ ಅಂಚಿನವರೆಗೆ ಒಂದೇ ಒಂದು ಗೆರೆ ಸುರುಳಿ ಸುತ್ತಿಕೊಂಡಿದೆ. ಒಂದು ಸುತ್ತಿಗೂ ಮುಂದಿನದಕ್ಕೂ ಅಂತರ 1.6 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರ್ ಜಾಗದಲ್ಲಿ 600ಕ್ಕೂ ಹೆಚ್ಚು ಸುತ್ತು. ಬಿಚ್ಚಿ ಎಳೆದರೆ ಐದು ಕಿಲೋಮೀಟರಿಗೂ ಮಿಕ್ಕೀತು. ಗೋಕಾಕ ಫಾಲ್ಸಿನ 52 ಮೀಟರ್ ಎತ್ತರವನ್ನು ಆ ದಾರದಿಂದ ನೂರು ಸಲ ಅಳೆಯಬಹುದು. ಇಷ್ಟು ಒತ್ತೊತ್ತಾದ ಗೆರೆಗಳಿಂದ ಮರಳಿದ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ, ಕೆಂಪು ಒಂದು ದಿಕ್ಕಿಗೆ, ನೀಲಿ ಇನ್ನೊಂದು ದಿಕ್ಕಿಗೆ ಗಟ್ಟಿಯಾಗುತ್ತವೆ. ಡಿವಿಡಿಯಲ್ಲಿ ಆ ಅಂತರ 0.74 ಮೈಕ್ರೋಮೀಟರಿಗೆ ಇಳಿದಿರುವುದರಿಂದ ಬಣ್ಣಗಳು ಇನ್ನೂ ಅಗಲಕ್ಕೆ ಹರಡುತ್ತವೆ. ತಂತಿಯಲ್ಲಿ ತೂಗುವುದು ಸಿಡಿಯೋ ಡಿವಿಡಿಯೋ ಎಂದು ಬೈಕಿನ ಮೇಲಿಂದಲೇ ಹೇಳಬಹುದು, ಎದುರಿನ ಗುಂಡಿ ನೋಡಿಕೊಂಡರೆ ಸಾಕು.

ನಮ್ಮ ಕಡೆ ಸಿನಿಮಾ ಮನೆಗೆ ಬಂದದ್ದು ಹೆಚ್ಚಾಗಿ ವಿಸಿಡಿಯ ರೂಪದಲ್ಲಿ. 1993ರಲ್ಲಿ ರೂಪುಗೊಂಡ ಈ ಬಗೆ ಹಾಡಿನ ಸಿಡಿಯ ಮೇಲೆಯೇ ಸಿನಿಮಾ ತುರುಕುವ ಉಪಾಯ. ಒಂದು ಡಿಸ್ಕಿಗೆ 74 ನಿಮಿಷ, ಚಿತ್ರಕ್ಕೆ 352 ಅಡ್ಡ, 288 ಉದ್ದ ಚುಕ್ಕೆ, ಅಷ್ಟೇ. ಎರಡೂವರೆ ತಾಸಿನ ಕನ್ನಡ ಸಿನಿಮಾಕ್ಕೆ ಎರಡು-ಮೂರು ಡಿಸ್ಕು ಬೇಕಾಗುತ್ತಿತ್ತು; ನಿರ್ದೇಶಕ ಇಟ್ಟ ಇಂಟರ್ವಲ್ ಒಂದು ಕಡೆ, ಡಿಸ್ಕು ಮುಗಿಯುವುದು ಇನ್ನೊಂದು ಕಡೆ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರತೊಡಗಿದಾಗ ಬಸ್‌ಸ್ಟ್ಯಾಂಡಿನಲ್ಲಿ ಕರದಂಟಿನ ಪೊಟ್ಟಣದ ಜೊತೆ ಒಂದು ಸಿನಿಮಾವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಬಹುದಿತ್ತು.

ಒಳಗೆ ನಡೆಯುವುದು ಹೀಗೆ. ಸುರುಳಿಯ ಉದ್ದಕ್ಕೂ ಚಿಕ್ಕ ಗುಂಡಿಗಳಿವೆ. ಕಣ್ಣಿಗೆ ಹೆಚ್ಚುಕಡಿಮೆ ಕಾಣದ, 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಅವುಗಳ ಮೇಲೆ ಹರಿಯುತ್ತದೆ. ಗುಂಡಿಯ ಆಳವನ್ನು ಎಷ್ಟು ಲೆಕ್ಕ ಹಾಕಿ ಇಟ್ಟಿದ್ದಾರೆಂದರೆ, ತಳದಿಂದ ಮರಳಿದ ಅಲೆಯ ಉಬ್ಬಿಗೆ ಬದಿಯ ಸಮತಟ್ಟಿನಿಂದ ಮರಳಿದ ಅಲೆಯ ತಗ್ಗು ಸಿಕ್ಕಿ ಎರಡೂ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಬೆಳಕು ಬದಲಾದ ಕಡೆ, ಅಂದರೆ ಗುಂಡಿಯ ಅಂಚಿನಲ್ಲಿ, 1. ಬದಲಾಗದ ಕಡೆಯೆಲ್ಲ 0. ಓದು ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಒಳಸುತ್ತಿನಲ್ಲಿ ಡಿಸ್ಕು ನಿಮಿಷಕ್ಕೆ ಸುಮಾರು 500 ಸಲ ತಿರುಗಿದರೆ ಅಂಚಿಗೆ ಬರುವಷ್ಟರಲ್ಲಿ 200ಕ್ಕೆ ಇಳಿದಿರುತ್ತದೆ. ತಿರುಗುವಾಗ ಡಿಸ್ಕು ತುಸು ತೊನೆಯುತ್ತದೆ. ಅದು ಮೇಲೆದ್ದಂತೆ, ಕೆಳಗಿಳಿದಂತೆ ಮಸೂರವೂ ಸ್ಪೀಕರಿನ ಸುರುಳಿಯಂಥ ಒಂದು ಸುರುಳಿಯ ಬಲದಿಂದ ಏರಿಳಿಯುತ್ತ ಗುರಿ ಹಿಡಿದಿರುತ್ತದೆ.

ಇನ್ನು ಗೀರಿನ ಮಾತು. ನಮ್ಮ ಅವ್ವ ಸಿಡಿಯ ಹೊಳೆಯುವ ಮೈಯನ್ನು ಮಗುವಿನ ಕೆನ್ನೆಯಂತೆ ಕಾಪಾಡುತ್ತಿದ್ದಳು, ಚಿತ್ರವಿದ್ದ ಮೈಯನ್ನು ಮಾತ್ರ ಟಿವಿ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ ಎಳೆಯುತ್ತಿದ್ದಳು. ಅದು ತಿರುಗುಮುರುಗು. ಹೊಳೆಯುವ ಬದಿಯಿಂದ ಗುಂಡಿಗಳಿಗೆ 1.2 ಮಿಲಿಮೀಟರ್ ಪ್ಲಾಸ್ಟಿಕ್ಕಿನ ಮರೆಯಿದೆ. ಲೇಸರ್ ಕಿರಣ ಮೇಲ್ಮೈಗೆ ಬಂದಾಗ ಮುಕ್ಕಾಲು ಮಿಲಿಮೀಟರಿನಷ್ಟು ಅಗಲವಾಗಿರುತ್ತದೆ, ಗುಂಡಿಯ ಬಳಿ ಹೋಗಿ ಸೂಜಿಮೊನೆಗಿಂತ ಚೂಪಾಗುತ್ತದೆ. ಮೇಲಿನ ಸಣ್ಣ ಗೀರು ಅದಕ್ಕೆ ಕನ್ನಡಕದ ಗಾಜಿನ ಮೇಲಿನ ಧೂಳಿದ್ದಂತೆ. ಚಿತ್ರದ ಬದಿಯಲ್ಲಾದರೆ ಕನ್ನಡಿಯಂಥ ಅಲ್ಯೂಮಿನಿಯಂ ಪದರದ ಮೇಲೆ ಇರುವುದು ತೆಳ್ಳನೆಯ ವಾರ್ನಿಷು ಮಾತ್ರ. ಬಾಲ್ ಪೆನ್ನಿನಿಂದ ಒತ್ತಿ ಹೆಸರು ಬರೆದು ನಾನೇ ಎರಡು ಸಿನಿಮಾ ಕೊಂದಿದ್ದೇನೆ.

ಗೀರು ಬಿದ್ದರೂ ಡಿಸ್ಕು ಓಡುವುದಕ್ಕೆ ಇನ್ನೊಂದು ಕಾರಣವಿದೆ, ನನಗೆ ಅದೇ ಇದರ ಅತಿ ಚೆಂದದ ಭಾಗ. ಜಾತ್ರೆಯ ಊಟದ ಪಂಕ್ತಿ ನೆನೆಸಿಕೊಳ್ಳಿ. ಒಂದು ಮನೆಯವರೆಲ್ಲ ಸಾಲಾಗಿ ಕೂತಿದ್ದಾಗ ಬಡಿಸುವವನು ನಾಲ್ಕು ಎಲೆ ದಾಟಿ ಹೋದರೆ ಆ ಮನೆಯವರಿಗೆಲ್ಲ ಉಪವಾಸ. ಅದೇ ಅವರು ಪಂಕ್ತಿಯ ತುಂಬ ಚದುರಿ ಕೂತಿದ್ದರೆ ಮನೆಗೊಬ್ಬನಿಗೆ ತಪ್ಪೀತು, ಉಳಿದವರು ಹಂಚಿಕೊಂಡು ತುಂಬಿಕೊಟ್ಟಾರು. ಸಿಡಿಯಲ್ಲಿ ಮಾಹಿತಿಯನ್ನು ಹೀಗೆಯೇ ಚದುರಿಸಿ, ಜೊತೆಗೆ ಲೆಕ್ಕದ ಹೆಚ್ಚುವರಿ ಅಂಕಿಗಳನ್ನು ಬರೆದಿರುತ್ತಾರೆ. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಕೊಟ್ಟ ಗಣಿತ ಇದು. ಗೆರೆಯ ಗುಂಟ ಸುಮಾರು ಎರಡೂವರೆ ಮಿಲಿಮೀಟರ್ ಪೂರಾ ಹಾಳಾದರೂ ಕಳೆದುಹೋದದ್ದನ್ನು ಇದ್ದದ್ದರಿಂದ ಮತ್ತೆ ಕಟ್ಟಬಹುದು. ಸಿಡಿಯನ್ನು ದುಂಡಗೆ ತಿರುವಿ ಒರೆಸಬಾರದು ಎನ್ನುವುದೂ ಇದಕ್ಕೇ: ಆ ಗೀರು ಗೆರೆಯ ಗುಂಟ ಉದ್ದಕ್ಕೆ ಬೀಳುತ್ತದೆ. ನಡುವಿನಿಂದ ಅಂಚಿಗೆ ಒರೆಸಿದರೆ ಗೀರು ಅಡ್ಡ ಬಿದ್ದು, ಪ್ರತಿ ಸುತ್ತಿನಲ್ಲಿ ಚೂರೇ ಚೂರು ಹೋಗುತ್ತದೆ.

ಹಾಗಿದ್ದರೆ ವಿಸಿಡಿ ಹಾಕಿದಾಗ ನಾಯಕಿಯ ಮುಖ ಚೌಕಳಿ ಸೀರೆಯಾಗುತ್ತಿತ್ತಲ್ಲ? ಕಂಪ್ಯೂಟರಿನ ಸಿಡಿಗೆ ಈ ರಕ್ಷಣೆಯ ಮೇಲೆ ಇನ್ನೂ ಒಂದು ಪದರದ ತಿದ್ದುಪಡಿ ಇರುತ್ತದೆ. ಅಲ್ಲಿ ಒಂದು ಕಟ್ಟಿನಲ್ಲಿ 2048 ಬೈಟ್ ಹಿಡಿಸಿದರೆ, ವಿಸಿಡಿ ಆ ಪದರವನ್ನು ಕಿತ್ತೊಗೆದು 2324 ಬೈಟ್ ತುಂಬಿಕೊಂಡಿತು. 74 ನಿಮಿಷ ಗಿಟ್ಟಿದ್ದು ಹೀಗೆ, ಚೌಕಳಿ ಬಂದದ್ದೂ ಹೀಗೆ.

ಡಿಸ್ಕಿನ ಜಾಗಕ್ಕೆ ಬಂದ ಸ್ಟ್ರೀಮಿಂಗಿನ ಜಾಯಮಾನವೇ ಬೇರೆ. ಅಲ್ಲಿ ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಒರಟು, ಸಾಧಾರಣ, ನಯ ಎಂದು ಹಲವು ಮಟ್ಟಗಳಲ್ಲಿ ಮಾಡಿ ಇಟ್ಟಿರುತ್ತಾರೆ. ಹಿಂದಿನ ತುಂಡು ಎಷ್ಟು ಬೇಗ ಬಂತು ಎಂದು ನಿಮ್ಮ ಫೋನು ಅಳೆದು, ಮುಂದಿನದು ಯಾವ ಮಟ್ಟದ್ದು ಬೇಕೆಂದು ಕೇಳುತ್ತದೆ. ದಾರಿಯಲ್ಲಿ ಏನಾದರೂ ಕಳೆದುಹೋದರೆ ‘ಮತ್ತೆ ಕಳಿಸು’ ಎನ್ನುತ್ತದೆ. ಡಿಸ್ಕು ಯಾರನ್ನೂ ಮರಳಿ ಕೇಳುವ ಹಾಗಿಲ್ಲ, ಅದಕ್ಕೇ ಬುತ್ತಿ ಕಟ್ಟಿಕೊಂಡು ಹೊರಟಿರುತ್ತದೆ. ಸ್ಟ್ರೀಮಿಂಗು ಹಸಿವಾದಾಗೊಮ್ಮೆ ಮನೆಗೆ ಫೋನು ಹಚ್ಚುವ ಮಗ. ಕೂಡಿಟ್ಟ ತುಂಡುಗಳೂ ಮುಗಿದು ಹೊಸದು ಬಾರದಿದ್ದರೆ ಪರದೆಯ ಮೇಲೆ ಚಕ್ರ ಸುತ್ತುತ್ತದೆ.

ಆ ಚಕ್ರ ನಮ್ಮ ಅಕ್ಕನಿಗೆ ಚೆನ್ನಾಗಿ ಪರಿಚಯ. ಅವಳ ಮನೆ ಹುಕ್ಕೇರಿ ತಾಲೂಕಿನ ಹಳ್ಳಿಯಲ್ಲಿ. ಅಲ್ಲಿ ಕರೆಂಟು ಹಂಚುವುದು 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ದೇಶದಲ್ಲಿ ಪ್ರಯೋಗಕ್ಕೆಂದು ಮೊದಲು ಕಟ್ಟಿದ ಐದರಲ್ಲಿ ಒಂದು. ಡಿಸ್ಕಿಗೆ ಮನೆಯ ಕರೆಂಟೊಂದಿದ್ದರೆ ಮುಗಿಯಿತು, ಇನ್ವರ್ಟರಾದರೂ ನಡೆಯುತ್ತಿತ್ತು. ಸ್ಟ್ರೀಮಿಂಗಿಗೆ ಮನೆಯ ಕರೆಂಟು, ಟವರಿನ ಕರೆಂಟು, ನಡುವಿನ ಕೇಬಲ್ಲು ಎಲ್ಲವೂ ಒಟ್ಟಿಗೆ ಇರಬೇಕು. ಮಳೆಗಾಲದಲ್ಲೊಮ್ಮೆ ಹೋದಾಗ ಭಾವ ಟಿವಿ ಮುಂದೆ ಕೈಕಟ್ಟಿ ಕೂತಿದ್ದರು. “ಟವರ್ ಮಲಗೇತಿ ತಮ್ಮಾ, ಎದ್ದ ಮ್ಯಾಲೆ ಸಿನಿಮಾ,” ಎಂದರು.

ಚಿತ್ರದ ಗುಣಮಟ್ಟದಲ್ಲಿ ಯಾವುದು ಮೇಲು? ಉತ್ತರ ಯಾವ ಡಿಸ್ಕು ಎಂಬುದರ ಮೇಲಿದೆ. ವಿಸಿಡಿಗೆ ಸೆಕೆಂಡಿಗೆ 1.15 ಮೆಗಾಬಿಟ್ ಚಿತ್ರ. ಇವತ್ತು ಸಾಧಾರಣ ಎಚ್‌ಡಿ ಸ್ಟ್ರೀಮಿಂಗಿಗೆ ಸುಮಾರು 5, ಅದೂ ಎಷ್ಟೋ ಜಾಣ ಸಂಕೋಚನದಲ್ಲಿ. ಹೋಲಿಸುವುದೇ ತಪ್ಪು. ಡಿವಿಡಿಯೂ ಸೋಲುತ್ತದೆ. ಆದರೆ 4ಕೆ ಬ್ಲೂ-ರೇ ಡಿಸ್ಕು 100 ಗಿಗಾಬೈಟ್‌ವರೆಗೆ ಹಿಡಿಸಿಕೊಂಡು ಸೆಕೆಂಡಿಗೆ 100 ಮೆಗಾಬಿಟ್ ದಾಟಬಲ್ಲದು. 4ಕೆ ಸ್ಟ್ರೀಮಿಂಗು 15ರಿಂದ 25ರ ಆಸುಪಾಸು. ಕತ್ತಲಿನ ದೃಶ್ಯ, ಮಂಜು, ಮಳೆ ಬಂದಾಗ ಸ್ಟ್ರೀಮಿಂಗಿನಲ್ಲಿ ಆಕಾಶ ಪಟ್ಟೆಪಟ್ಟೆಯಾಗುವುದು ಈ ಜಿಪುಣತನಕ್ಕೆ. ಏನು ಮಾಡೋಣ, ಬ್ಲೂ-ರೇ ನಮ್ಮ ಸಂತೆಗಳಿಗೆ ಬರಲೇ ಇಲ್ಲ. ನಮ್ಮ ಪಾಲಿಗೆ ಡಿಸ್ಕೆಂದರೆ ವಿಸಿಡಿಯೇ, ಚಿತ್ರದ ಪಂದ್ಯದಲ್ಲಿ ಅದು ಸೋತದ್ದು ನ್ಯಾಯವೇ. ಮೋಸರ್ ಬೇರ್ 2018ರಲ್ಲಿ ದಿವಾಳಿಯಾಯಿತು. ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಆ ಕೆಲಸವನ್ನು 2023ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು.

ನನಗೆ ಚಿಂತೆ ಇರುವುದು ಸಿನಿಮಾಗಳದ್ದಲ್ಲ. ಕನ್ನಡದ ಹಳೆಯ ಚಿತ್ರಗಳು ಹೇಗೋ ಯೂಟ್ಯೂಬಿಗಾದರೂ ಬಂದಿವೆ. ಮೂಡಲಗಿ ಸೀಮೆಯ ಹೆಸರಾಂತ ಕಲಾವಿದರಾದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮನ ನೆಲದಲ್ಲಿ ರಾತ್ರಿಯಿಡೀ ಆಡಿದ ಶ್ರೀಕೃಷ್ಣ ಪಾರಿಜಾತದ ಆಟ, ಊರ ನಾಟಕ, ಮದುವೆಗಳನ್ನು ಸ್ಟುಡಿಯೋದವರು ಬರೆದುಕೊಟ್ಟದ್ದು ಬೇರೆ ಜಾತಿಯ ಡಿಸ್ಕಿನಲ್ಲಿ. ಅಂಗಡಿಯ ಸಿನಿಮಾ ಡಿಸ್ಕಿನಲ್ಲಿ ಗುಂಡಿಗಳು ಅಚ್ಚಿನಲ್ಲಿ ಒತ್ತಿದವು. ಸ್ಟುಡಿಯೋದ ಡಿಸ್ಕಿನಲ್ಲಿ ಗುಂಡಿಯೇ ಇಲ್ಲ, ಒಂದು ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಮಾಡಿದ ಕಲೆಗಳಿವೆ. ತಿರುಗಿಸಿ ನೋಡಿ, ಬೆಳ್ಳಿಯ ಬದಲು ತುಸು ಹಸಿರು ಅಥವಾ ನೀಲಿ ಛಾಯೆ ಕಂಡರೆ ಇದೇ. ಬಿಸಿಲಿಗೆ, ಸೆಕೆಗೆ ಆ ಬಣ್ಣ ಮಾಸುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ಬಂದಾಗ ಸೋದರಮಾವನ ಮನೆಯ ಕಪಾಟು ಮುಳುಗಿತ್ತು. ಕೆಸರು ಇಳಿದ ಮೇಲೆ ಬಕೆಟ್ಟಿನಲ್ಲಿ ಡಿಸ್ಕುಗಳನ್ನು ತೊಳೆದು ಹಗ್ಗದ ಮೇಲೆ ಒಣಗಿಸಿದೆವು. ಸಿನಿಮಾ ಡಿವಿಡಿಗಳಲ್ಲಿ ಮಾಹಿತಿ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಅಡಗಿರುತ್ತದೆ, ಹೆಚ್ಚಿನವು ಓಡಿದವು. ಮಾವನ ಮಗಳ ಮದುವೆಯ ಸಿಡಿಯ ಬೆಳ್ಳಿ ಮಾತ್ರ ಹಪ್ಪಳದಂತೆ ಎದ್ದು ಬೆರಳಿಗೆ ಬಂತು.

ಆ ಚಹಾದಂಗಡಿಯ ಮುಂದೆ ‘ಮದುವೆ, ಭಾಗ 2’ನ್ನು ತಿರುವಿ ನೋಡಿದ್ದೆ. ಹಸಿರು ಛಾಯೆ, ಅಂಚಿನ ಕಡೆ ಪೂರಾ ಬಿಳಿಚಿತ್ತು. ಡ್ರೈವರ್ ಗ್ಲಾಸು ಹಿಡಿದುಕೊಂಡೇ ಬಂದ. ಯಾರ ಮದುವೆಯದು ಎಂದೆ.

“ಯಾರಿಗ್ಗೊತ್ರೀ ಸರ, ಗುಜರಿಯಾಗ ಸಿಕ್ಕಿದ್ದು,” ಎಂದ. “ಭಾಗ ಒಂದು ಮುಂದಿನ ಟ್ರೇಲರ್‌ಗೆ ಕಟ್ಟೇನಿ ನೋಡ್ರಿ.”