ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಮೊಬೈಲ್ ಆರೋಗ್ಯ ಮಾಹಿತಿ: ಉದ್ದಿಮೆದಾರರು ಅರಿಯಬೇಕಾದುದು

ಹನಿ ನೀರಾವರಿ ಯೋಜನೆಯಿಂದ ಹೆಸರಾದ ರಾಮಥಾಳದಂತಹ ಗ್ರಾಮದ ಮಗುವಿಗೆ ರಕ್ತದ ಕ್ಯಾನ್ಸರ್ ತಗಲಿದರೆ, ಕುಟುಂಬವು ಹುಬ್ಬಳ್ಳಿಗೋ, ನಾನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ತೆರಳಬೇಕಾಗುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಇದರ ಬಹುಭಾಗ ಕಳೆಯುವುದು ಮನೆಯಲ್ಲಿಯೇ.

ಅಪಾಯವಿರುವುದೂ ಅಲ್ಲಿಯೇ. ನಿತ್ಯದ ಮಾತ್ರೆಗಳನ್ನು ಮೇಲಿಂದ ಮೇಲೆ ತಪ್ಪಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚುತ್ತದೆ. ಬಿಳಿ ರಕ್ತಕಣಗಳು ಕುಗ್ಗಿದ ದಿನಗಳಲ್ಲಿ ಜ್ವರವು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆ ಸೇರಬೇಕು. ಮಾತ್ರೆಯ ವೇಳೆ, ಅಪಾಯದ ಲಕ್ಷಣ, ಮುಂದಿನ ಭೇಟಿಯ ದಿನ, ಕರೆ ಮಾಡಬೇಕಾದ ದೂರವಾಣಿ ಸಂಖ್ಯೆ ಇವುಗಳನ್ನು ಕೈಯಲ್ಲಿಯೇ ಒದಗಿಸುವುದು ಆರೋಗ್ಯ ಮಾಹಿತಿ ಆ್ಯಪ್‌ಗಳ ಕಾರ್ಯ. ಅವು ವೈದ್ಯರಿಗೆ ಪರ್ಯಾಯವಲ್ಲ.

ಇಂತಹ ಸಾಧನಗಳಿಂದ ಪ್ರಯೋಜನವುಂಟೆಂಬುದಕ್ಕೆ ಆಧಾರವಿದೆ. ಕ್ಯಾನ್ಸರ್ ಪೀಡಿತ ಕಿಶೋರರಿಗಾಗಿ ಅಮೆರಿಕದಲ್ಲಿ ರೂಪುಗೊಂಡ ‘ರೀ-ಮಿಷನ್’ ಎಂಬ ಕಂಪ್ಯೂಟರ್ ಆಟವನ್ನು ಮೂರು ದೇಶಗಳ 34 ಕೇಂದ್ರಗಳಲ್ಲಿ 375 ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಟವಾಡಿದವರು ಔಷಧಿಯನ್ನು ಹೆಚ್ಚು ಕ್ರಮವಾಗಿ ಸೇವಿಸಿದರು; ರೋಗದ ಕುರಿತ ಅವರ ತಿಳಿವಳಿಕೆಯೂ ವೃದ್ಧಿಸಿತು.

ನಮ್ಮ ಭಾಗಕ್ಕೆ ಒಪ್ಪುವ ಆ್ಯಪ್ ಕನ್ನಡದಲ್ಲಿರಬೇಕು. ಓದು ಬಾರದ ತಾಯಿಗೂ ತಿಳಿಯುವಂತೆ ಧ್ವನಿಯ ಸೌಲಭ್ಯ ಹೊಂದಿರಬೇಕು. ಅಂತರಜಾಲ ಸಂಪರ್ಕವಿಲ್ಲದಾಗಲೂ ಮುಖ್ಯ ಸೂಚನೆಗಳನ್ನು ತೋರಿಸಬೇಕು. ಹದಿನೈದರ ಬಾಲಕಿಗೆ ಹೇಳುವ ರೀತಿ ಬೇರೆ, ಎಂಟರ ಬಾಲಕನಿಗೆ ಹೇಳುವ ರೀತಿ ಬೇರೆ. ಪ್ರತಿಯೊಂದು ಸೂಚನೆಯನ್ನೂ ಚಿಕಿತ್ಸೆ ನೀಡುವ ವೈದ್ಯರು ಒಪ್ಪಿರತಕ್ಕದ್ದು.

ಕಾನೂನಿನ ಅಂಶವನ್ನೂ ಉದ್ದಿಮೆದಾರರು ಗಮನಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಅಗತ್ಯ. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ನಿಷಿದ್ಧ. ಉಲ್ಲಂಘನೆಗೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆಸ್ಪತ್ರೆಗಳಿಗೆ ಮಗುವಿನ ಆರೋಗ್ಯ ರಕ್ಷಣೆಗೆ ಬೇಕಾದಷ್ಟು ಮಟ್ಟಿಗೆ ವಿನಾಯಿತಿಯಿದೆ. ಮಾರಾಟಕ್ಕೆ ಆ ವಿನಾಯಿತಿಯಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಈ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಆದುದರಿಂದ ಆ್ಯಪ್ ತಯಾರಿಸುವವರಾಗಲಿ, ಅದಕ್ಕೆ ಧನಸಹಾಯ ನೀಡುವ ವರ್ತಕರಾಗಲಿ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಮಧ್ಯರಾತ್ರಿ ಮಗುವಿಗೆ ಜ್ವರ ಬಂದಾಗ ಇದು ಪಾಲಕರಿಗೆ ಏನು ಹೇಳುತ್ತದೆ? ಮಗುವಿನ ರೋಗದ ವಿವರ ಯಾರ ಕೈ ಸೇರುತ್ತದೆ? ಇಲಕಲ್ಲಿನ ಮಗ್ಗದ ಮನೆಯ ಕುಟುಂಬಕ್ಕಾಗಲಿ, ಕಲ್ಲು ಗಣಿಯ ಕಾರ್ಮಿಕನಿಗಾಗಲಿ, ಇವೆರಡಕ್ಕೂ ಸ್ಪಷ್ಟ ಉತ್ತರವಿರುವ ಆ್ಯಪ್ ಮಾತ್ರ ಉಪಯುಕ್ತವಾದೀತು.